ಚುಕ್ಕೆ ಸೀಟ್ರೌಟ್: ತೇಲುವ ಕೃತಕ ಎರೆಯ ಗಾಳಗಾರಿಕೆ ಮತ್ತು ತಾಯಿ ಮೀನಿನ ರಕ್ಷಣೆ

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ರಾಜ್ಯದ ಕರಾವಳಿಯಲ್ಲಿ ಹವ್ಯಾಸಿ ಗಾಳಗಾರರು ಅತಿ ಹೆಚ್ಚು ಅರಸುವ ಮೀನುಗಳಲ್ಲಿ ಚುಕ್ಕೆ ಸೀಟ್ರೌಟ್ ಪ್ರಮುಖವಾದುದು. ಇದನ್ನು ಸ್ಥಳೀಯವಾಗಿ ಸ್ಪೆಕಲ್ಡ್ ಟ್ರೌಟ್ ಎಂದೂ, ಚಿಕ್ಕದಾಗಿ ಸ್ಪೆಕ್ ಎಂದೂ ಕರೆಯಲಾಗುತ್ತದೆ. ಈ ಮೀನನ್ನು ಸಿಗಡಿ, ಸಣ್ಣ ಮೀನು ಮೊದಲಾದ ಜೀವಂತ ಎರೆಗಳಿಂದಲೂ, ನೀರಿನಲ್ಲಿ ಮುಳುಗುವ ಕೃತಕ ಎರೆಗಳಿಂದಲೂ ಹಿಡಿಯಬಹುದು. ಆದರೆ ನೀರಿನ ಮೇಲೆ ತೇಲುತ್ತಾ ಸಾಗುವ ಕೃತಕ ಎರೆಯನ್ನು ಬಳಸುವ ವಿಧಾನಕ್ಕೆ ವಿಶೇಷ ಸ್ಥಾನವಿದೆ. ಈ ವಿಧಾನದಲ್ಲಿ ಸಿಗುವ ಮೀನುಗಳ ಸಂಖ್ಯೆ ಸಾಮಾನ್ಯವಾಗಿ ಕಡಿಮೆ; ಆದರೆ ಸಿಕ್ಕ ಮೀನು ದೊಡ್ಡದಾಗಿರುವ ಸಂಭವ ಹೆಚ್ಚು. ದೊಡ್ಡ ಮೀನು ಬಹುತೇಕ ಹೆಣ್ಣು ಮೀನೇ ಆಗಿರುವುದರಿಂದ, ಈ ಗಾಳಗಾರಿಕೆಯ ಕ್ರಮವನ್ನೂ ಮೀನಿನ ಸಂತತಿಯ ರಕ್ಷಣೆಯನ್ನೂ ಒಟ್ಟಿಗೆ ತಿಳಿಯುವುದು ಅವಶ್ಯ. ಈ ಪುಟದಲ್ಲಿ ಇವೆರಡರ ವಿವರಗಳನ್ನು ನೀಡಲಾಗಿದೆ.

ಹೆಸರು ಮತ್ತು ವರ್ಗೀಕರಣ

ಹೆಸರಿನಲ್ಲಿ ಟ್ರೌಟ್ ಎಂಬ ಪದವಿದ್ದರೂ ಇದು ತಣ್ಣೀರಿನ ತೊರೆಗಳಲ್ಲಿ ವಾಸಿಸುವ ಟ್ರೌಟ್ ಮೀನಿನ ಕುಟುಂಬಕ್ಕೆ ಸೇರಿದುದಲ್ಲ. ಮೈಮೇಲಿನ ಕಪ್ಪು ಚುಕ್ಕೆಗಳು ಮತ್ತು ನೀಳವಾದ ದೇಹದ ಹೋಲಿಕೆಯಿಂದ ಈ ಹೆಸರು ರೂಢಿಗೆ ಬಂದಿದೆ. ಇದರ ವೈಜ್ಞಾನಿಕ ಹೆಸರು ಸೈನೋಸಿಯಾನ್ ನೆಬ್ಯುಲೋಸಸ್. ಇದು ಸಯನಿಡೇ ಕುಟುಂಬಕ್ಕೆ, ಅಂದರೆ ಸದ್ದು ಮಾಡುವ ಕ್ರೋಕರ್ ಮೀನುಗಳ ಕುಟುಂಬಕ್ಕೆ ಸೇರಿದೆ. ಕರ್ನಾಟಕದ ಕರಾವಳಿಯಲ್ಲಿ ಕಲ್ಲೂರು ಎಂದು ಕರೆಯಲಾಗುವ ಮೀನುಗಳೂ ಇದೇ ಕುಟುಂಬದವು. ಆದರೆ ಚುಕ್ಕೆ ಸೀಟ್ರೌಟ್ ಅರಬ್ಬೀ ಸಮುದ್ರದಲ್ಲಿ ಕಂಡುಬರುವುದಿಲ್ಲ. ಅಮೆರಿಕದ ಅಟ್ಲಾಂಟಿಕ್ ಕರಾವಳಿ ಮತ್ತು ಮೆಕ್ಸಿಕೋ ಕೊಲ್ಲಿಯ ಅಳಿವೆಗಳು ಹಾಗೂ ಖಾರಿಗಳು ಇದರ ನೆಲೆ.

ಗುರುತಿಸುವ ಲಕ್ಷಣಗಳು

1. ಬೆನ್ನು ಬೂದು ಬಣ್ಣ ಅಥವಾ ತೆಳು ಹಸಿರು ಛಾಯೆಯದು. ಪಕ್ಕೆ ಮತ್ತು ಹೊಟ್ಟೆ ಬೆಳ್ಳಿಯಂತೆ ಹೊಳೆಯುತ್ತವೆ.

2. ಬೆನ್ನಿನ ಮೇಲೆ, ಬೆನ್ನಿನ ಈಜುರೆಕ್ಕೆಯಲ್ಲಿ ಮತ್ತು ಬಾಲದಲ್ಲಿ ದುಂಡಾದ ಕಪ್ಪು ಚುಕ್ಕೆಗಳಿರುತ್ತವೆ.

3. ಮೇಲ್ದವಡೆಯ ಮುಂಭಾಗದಲ್ಲಿ ಕೋರೆಹಲ್ಲಿನಂತಹ ಎದ್ದುಕಾಣುವ ಹಲ್ಲುಗಳಿರುತ್ತವೆ.

4. ಬಾಯಿಯ ಒಳಭಾಗ ಹಳದಿ ಬಣ್ಣದ್ದಾಗಿದ್ದು, ಬಾಯಿಯ ಚರ್ಮ ಮೃದುವಾಗಿರುತ್ತದೆ. ಬಲವಾಗಿ ಎಳೆದಲ್ಲಿ ಗಾಳ ಹರಿದು ಬರುವುದಕ್ಕೆ ಇದೇ ಕಾರಣ.

ದಾಖಲೆಯಲ್ಲಿರುವ ಅತಿ ಭಾರದ ಮೀನು 1995ರಲ್ಲಿ ಫ್ಲಾರಿಡಾದ ಫೋರ್ಟ್ ಪಿಯರ್ಸ್ ಬಳಿ ಸಿಕ್ಕಿದ್ದು, ಅದರ ತೂಕ 17 ಪೌಂಡ್ 7 ಔನ್ಸ್, ಅಂದರೆ ಸುಮಾರು 7.9 ಕಿಲೋಗ್ರಾಂ. ಟೆಕ್ಸಾಸ್ ರಾಜ್ಯದ ದಾಖಲೆಯ ಮೀನು 2002ರಲ್ಲಿ ಕೆಳ ಲಗೂನಾ ಮಾದ್ರೆಯಲ್ಲಿ ಸಿಕ್ಕಿತು, ಅದು 15.6 ಪೌಂಡ್ ತೂಗಿತ್ತು. ಸಾಮಾನ್ಯವಾಗಿ ಗಾಳಕ್ಕೆ ಸಿಗುವ ಮೀನುಗಳು ಇವಕ್ಕಿಂತ ಬಹಳ ಚಿಕ್ಕವು.

ನೆಲೆ: ಲಗೂನಾ ಮಾದ್ರೆ

ಟೆಕ್ಸಾಸ್‌ನ ದಕ್ಷಿಣ ಕರಾವಳಿಯಲ್ಲಿ ಕಾರ್ಪಸ್ ಕ್ರಿಸ್ಟಿ ನಗರದಿಂದ ಪೋರ್ಟ್ ಇಸಬೆಲ್‌ವರೆಗೆ ಹಬ್ಬಿರುವ ಉದ್ದನೆಯ ಖಾರಿಗೆ ಲಗೂನಾ ಮಾದ್ರೆ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಇದರ ಅರ್ಥ ತಾಯಿ ಖಾರಿ. ಸುಮಾರು 180 ಕಿ.ಮೀ. ಉದ್ದದ ಪಾದ್ರೆ ಎಂಬ ಮರಳಿನ ದ್ವೀಪವು ಇದನ್ನು ಸಮುದ್ರದಿಂದ ಬೇರ್ಪಡಿಸಿದೆ. ಇಲ್ಲಿಗೆ ಸೇರುವ ಸಿಹಿನೀರು ಅತ್ಯಲ್ಪ. ಬಿಸಿಲು ಮತ್ತು ಗಾಳಿಯಿಂದ ಆವಿಯಾಗುವ ನೀರು ಹೆಚ್ಚು. ಆದ್ದರಿಂದ ಇಲ್ಲಿನ ನೀರು ಅನೇಕ ವೇಳೆ ಸಮುದ್ರದ ನೀರಿಗಿಂತ ಹೆಚ್ಚು ಉಪ್ಪಾಗಿರುತ್ತದೆ. ಪ್ರಪಂಚದಲ್ಲಿ ಇಂತಹ ಅತಿಲವಣ ಖಾರಿಗಳು ವಿರಳ. 1949ರಲ್ಲಿ ಖಾರಿಯ ಉದ್ದಕ್ಕೂ ಹಡಗುಕಾಲುವೆ ಪೂರ್ಣಗೊಂಡ ನಂತರ ನೀರಿನ ಸಂಚಾರ ಕೊಂಚ ಸುಧಾರಿಸಿತು.

ಖಾರಿಯ ಬಹುಭಾಗದಲ್ಲಿ ನೀರಿನ ಆಳ ಮನುಷ್ಯನ ಸೊಂಟವನ್ನು ಮೀರುವುದಿಲ್ಲ. ತಳದಲ್ಲಿ ಕಡಲಹುಲ್ಲಿನ ವಿಸ್ತಾರವಾದ ಹಾಸುಗಳಿವೆ. ಸಿಗಡಿ, ಏಡಿ ಮತ್ತು ಮರಿಮೀನುಗಳಿಗೆ ಈ ಹುಲ್ಲೇ ಆಶ್ರಯ. ಉಬ್ಬರವಿಳಿತದ ಪ್ರಭಾವ ಇಲ್ಲಿ ಕಡಿಮೆಯಾಗಿದ್ದು, ನೀರಿನ ಮಟ್ಟವನ್ನು ಬಹುಮಟ್ಟಿಗೆ ಗಾಳಿಯೇ ನಿರ್ಧರಿಸುತ್ತದೆ. ಆಳವಿಲ್ಲದ, ತಿಳಿಯಾದ ಈ ನೀರು ತೇಲುವ ಎರೆಯ ಬಳಕೆಗೆ ಅತ್ಯಂತ ಅನುಕೂಲಕರ. ಇದೇ ಆಳವಿಲ್ಲದ ಗುಣವು ಚಳಿಗಾಲದಲ್ಲಿ ಮೀನುಗಳಿಗೆ ಮಾರಕವಾಗುವುದೂ ಉಂಟು. ಅದನ್ನು ಮುಂದೆ ವಿವರಿಸಲಾಗಿದೆ.

ಆಹಾರಕ್ರಮ ಮತ್ತು ತೇಲುವ ಎರೆಯ ತತ್ತ್ವ

ಚುಕ್ಕೆ ಸೀಟ್ರೌಟ್‌ನ ಆಹಾರ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಮರಿಗಳು ಸೂಕ್ಷ್ಮವಾದ ಚಿಪ್ಪುಜೀವಿಗಳನ್ನು ತಿನ್ನುತ್ತವೆ. ಮಧ್ಯಮ ಗಾತ್ರದವು ಸಿಗಡಿ ಮತ್ತು ಸಣ್ಣ ಮೀನುಗಳನ್ನು ಹಿಡಿಯುತ್ತವೆ. ದೊಡ್ಡವು ಹೆಚ್ಚುಕಡಿಮೆ ಮೀನನ್ನೇ ಆಹಾರವಾಗಿ ಅವಲಂಬಿಸುತ್ತವೆ. ಅದರಲ್ಲಿಯೂ ಮಲ್ಲೆಟ್ ಮೀನು ಅವುಗಳಿಗೆ ಪ್ರಿಯ. ಈ ಮಲ್ಲೆಟ್ ಕನ್ನಡಿಗರಿಗೂ ಅಪರಿಚಿತವಲ್ಲ. ಮುಗಿಲ್ ಸೆಫಾಲಸ್ ಎಂಬ ಇದೇ ಪ್ರಭೇದ ಕರ್ನಾಟಕದ ಅಳಿವೆಗಳಲ್ಲಿಯೂ ಇದ್ದು, ನೀರಿನ ಮೇಲ್ಮೈಗೆ ಸಮೀಪದಲ್ಲಿ ಗುಂಪಾಗಿ ಚಲಿಸುವುದನ್ನೂ ಆಗಾಗ ಮೇಲಕ್ಕೆ ಹಾರುವುದನ್ನೂ ಕಾಣಬಹುದು.

ಸಿಗಡಿಯನ್ನು ಹಿಡಿಯಲು ದಿನವಿಡೀ ಅಲೆಯುವುದಕ್ಕಿಂತ ಒಂದು ದೊಡ್ಡ ಮಲ್ಲೆಟ್ಟನ್ನು ಹಿಡಿದು ವಿರಮಿಸುವುದು ದೊಡ್ಡ ಮೀನಿಗೆ ಲಾಭದಾಯಕ. ಗುಂಪಿನಿಂದ ಬೇರ್ಪಟ್ಟು, ಗಾಯಗೊಂಡಂತೆ ಮೇಲ್ಮೈಯಲ್ಲಿ ತೊಳಲುವ ಮಲ್ಲೆಟ್‌ನ ಮೇಲೆ ಅದು ಕೆಳಗಿನಿಂದ ಎರಗುತ್ತದೆ. ತೇಲುವ ಕೃತಕ ಎರೆಯು ಅನುಕರಿಸುವುದು ಇಂತಹ ಮಲ್ಲೆಟ್ಟನ್ನೇ. ಈ ಕಾರಣದಿಂದ ತೇಲುವ ಎರೆ ತನಗೆ ತಾನೇ ದೊಡ್ಡ ಮೀನನ್ನು ಆಯ್ದುಕೊಳ್ಳುವ ಸಾಧನವಾಗಿದೆ.

ಎರೆಯ ವಿಧಗಳು

1. ನಡೆಯುವ ಎರೆ: ಸಿಗಾರಿನ ಆಕಾರದ, ತುಟಿಯಿಲ್ಲದ ಎರೆ. ದಾರವನ್ನು ಲಯಬದ್ಧವಾಗಿ ತಟ್ಟಿದಾಗ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಮೂತಿ ತಿರುಗಿಸುತ್ತಾ ಸಾಗುತ್ತದೆ. ಗಾಳಗಾರರು ಈ ಚಲನೆಯನ್ನು ನಾಯಿಯನ್ನು ನಡೆಸುವುದಕ್ಕೆ ಹೋಲಿಸುತ್ತಾರೆ. ಹೆಡ್ಡನ್ ಕಂಪನಿಯ ಝಾರಾ ಸ್ಪೂಕ್ ಈ ಬಗೆಯ ಹಳೆಯ ಮಾದರಿ. ಮೊದಲು ಮರದಿಂದ ತಯಾರಾಗುತ್ತಿದ್ದ ಇದು 1930ರ ದಶಕದ ಕೊನೆಯಲ್ಲಿ ಪ್ಲಾಸ್ಟಿಕ್ ರೂಪಕ್ಕೆ ಬಂದಿತು. ಸೀಟ್ರೌಟ್‌ಗೆ ಅತಿ ಹೆಚ್ಚು ಬಳಕೆಯಾಗುವುದು ಈ ವಿಧವೇ.

2. ಬಾಯಿತೆರೆದ ಎರೆ: ಮುಂಭಾಗ ಬಟ್ಟಲಿನಂತೆ ತಗ್ಗಾಗಿದ್ದು, ಎಳೆದಾಗ ನೀರನ್ನು ಚಿಮ್ಮಿಸಿ ಸದ್ದು ಮಾಡುತ್ತದೆ. ಇದನ್ನು ಪಾಪರ್ ಎನ್ನಲಾಗುತ್ತದೆ.

3. ರೆಕ್ಕೆಚಕ್ರದ ಎರೆ: ಮುಂದೆ ಅಥವಾ ಹಿಂದೆ ಸಣ್ಣ ಲೋಹದ ಚಕ್ರವಿದ್ದು, ಎಳೆದಾಗ ತಿರುಗಿ ನೀರನ್ನು ಕಲಕುತ್ತದೆ.

ಅನೇಕ ಎರೆಗಳ ಒಡಲಿನಲ್ಲಿ ಸಣ್ಣ ಗುಂಡುಗಳಿದ್ದು, ಅಲುಗಿದಾಗ ಗಿಲಕಿಯಂತೆ ಸದ್ದಾಗುತ್ತದೆ. ನೀರು ಕನ್ನಡಿಯಂತೆ ನಿಶ್ಚಲವಾಗಿರುವಾಗ ಸಣ್ಣದಾದ, ಮೆಲುಸದ್ದಿನ ಎರೆಯೂ, ಗಾಳಿಯಿಂದ ಅಲೆಯೆದ್ದಿರುವಾಗ ದೊಡ್ಡದಾದ, ಜೋರು ಸದ್ದಿನ ಎರೆಯೂ ಸೂಕ್ತ. ಬಣ್ಣದ ವಿಷಯದಲ್ಲಿ ಗಾಳಗಾರರಲ್ಲಿ ಒಮ್ಮತವಿಲ್ಲ. ಕೆಳಗಿನಿಂದ ನೋಡುವ ಮೀನಿಗೆ ಎರೆ ಆಕಾಶದ ಬೆಳಕಿಗೆದುರಾಗಿ ನೆರಳಿನಂತೆ ಕಾಣುವುದರಿಂದ, ಬಣ್ಣಕ್ಕಿಂತ ಆಕಾರ ಮತ್ತು ಚಲನೆಗೆ ಹೆಚ್ಚಿನ ಮಹತ್ತ್ವವಿದೆ.

ಸಲಕರಣೆ

ಆರೂವರೆಯಿಂದ ಏಳು ಅಡಿ ಉದ್ದದ ಹಗುರವಾದ ಗಾಳದ ಕೋಲು ಸಾಕಾಗುತ್ತದೆ. ಹೆಣೆದ ದಾರದ ತುದಿಗೆ ಒಂದೆರಡು ಅಡಿ ನೈಲಾನ್ ಎಳೆಯನ್ನು ಜೋಡಿಸುವುದು ವಾಡಿಕೆ. ಫ್ಲೋರೋಕಾರ್ಬನ್ ಎಳೆ ನೀರಿಗಿಂತ ಭಾರವಾಗಿದ್ದು ಎರೆಯ ಮೂತಿಯನ್ನು ಕೆಳಗೆಳೆಯುವುದರಿಂದ ಈ ಉದ್ದೇಶಕ್ಕೆ ತಕ್ಕುದಲ್ಲ. ಎರೆಯನ್ನು ಬಿಗಿಯಾದ ಗಂಟಿನ ಬದಲು ಕುಣಿಕೆ ಗಂಟಿನಿಂದ ಕಟ್ಟಿದಲ್ಲಿ ಅದರ ಓಲಾಟ ಸಹಜವಾಗಿರುತ್ತದೆ. ಮಾರುಕಟ್ಟೆಯಲ್ಲಿ ದೊರೆಯುವ ಬಹುತೇಕ ಎರೆಗಳಿಗೆ ಮೂರು ಕೊಕ್ಕೆಯ ಗಾಳಗಳಿರುತ್ತವೆ. ಅವನ್ನು ತೆಗೆದು ಒಂಟಿ ಕೊಕ್ಕೆಯ ಗಾಳಗಳನ್ನು ಅಳವಡಿಸಿಕೊಳ್ಳುವುದು ಉತ್ತಮ. ಇದರಿಂದ ಮೀನಿನ ಕಣ್ಣು ಮತ್ತು ಕಿವಿರುಗಳಿಗೆ ಆಗುವ ಗಾಯ ಕಡಿಮೆಯಾಗುತ್ತದೆ; ಕಡಲಹುಲ್ಲು ಸಿಕ್ಕಿಕೊಳ್ಳುವುದೂ ತಪ್ಪುತ್ತದೆ.

ಕಾಲ ಮತ್ತು ಸ್ಥಳದ ಆಯ್ಕೆ

ಬೇಸಿಗೆಯಲ್ಲಿ ಬೆಳಕು ಹರಿಯುವ ಹೊತ್ತು ಮತ್ತು ಮುಸ್ಸಂಜೆ ಪ್ರಶಸ್ತ. ಬಿಸಿಲೇರಿದಂತೆ ಮೀನುಗಳು ಆಳದ ಅಂಚುಗಳಿಗೆ ಸರಿಯುತ್ತವೆ. ಮೋಡ ಕವಿದ ದಿನಗಳಲ್ಲಿ ಹಗಲಿನಲ್ಲಿಯೂ ಮೀನು ಮೇಲೇಳುವುದುಂಟು. ಚಳಿಗಾಲದ ಕೊನೆಯಲ್ಲಿ, ಎರಡು ಮೂರು ದಿನ ಬಿಸಿಲು ಕಾದು ಕಪ್ಪು ಕೆಸರಿನ ತಳ ಬೆಚ್ಚಗಾದಾಗ ದೊಡ್ಡ ಮೀನುಗಳು ಆಳವಿಲ್ಲದ ಕಡೆಗೆ ಬರುತ್ತವೆ. ಅಂತಹ ಮೀನುಗಳಿಗೆ ಬ್ಯಾಫಿನ್ ಖಾರಿ ಹೆಸರಾಗಿದೆ.

ಸ್ಥಳವನ್ನು ಗುರುತಿಸಲು ಮೊದಲು ಮಲ್ಲೆಟ್ ಮೀನುಗಳನ್ನು ಗಮನಿಸಬೇಕು. ಅವು ನೆಮ್ಮದಿಯಾಗಿ ತೇಲುತ್ತಿದ್ದರೆ ಬೇಟೆಗಾರ ಮೀನು ಸಮೀಪದಲ್ಲಿಲ್ಲವೆಂದೂ, ಬೆದರಿ ದಿಕ್ಕುಗೆಟ್ಟು ಹಾರುತ್ತಿದ್ದರೆ ಇದೆಯೆಂದೂ ತಿಳಿಯಬಹುದು. ನೀರಿನ ಮೇಲೆ ಎಣ್ಣೆಯ ಪಸೆ ಹರಡಿ, ಕಲ್ಲಂಗಡಿ ಹಣ್ಣಿನಂತಹ ವಾಸನೆ ಬಂದರೆ ಕೆಳಗೆ ಸೀಟ್ರೌಟ್ ಆಹಾರ ತಿನ್ನುತ್ತಿವೆ ಎಂಬುದು ಆ ಕರಾವಳಿಯ ಗಾಳಗಾರರ ಅನುಭವ. ಹುಲ್ಲಿನ ಹಾಸಿನ ನಡುವಿನ ಮರಳಿನ ಬಯಲುಗಳು ಮತ್ತು ಹುಲ್ಲಿನ ಅಂಚುಗಳು ಎರೆ ಎಸೆಯಲು ತಕ್ಕ ಜಾಗಗಳು.

ಎಸೆಯುವ ಮತ್ತು ಎಳೆಯುವ ಕ್ರಮ

1. ನೀರಿನಲ್ಲಿ ಸದ್ದಿಲ್ಲದೆ ನಡೆದು, ಸಾಧ್ಯವಾದಷ್ಟು ದೂರಕ್ಕೆ ಎರೆಯನ್ನು ಎಸೆಯಬೇಕು. ಎರೆ ಬಿದ್ದಾಗ ಏಳುವ ಅಲೆಯುಂಗುರಗಳು ಅಡಗುವವರೆಗೆ ಕಾಯಬೇಕು.

2. ಕೋಲಿನ ತುದಿಯನ್ನು ನೀರಿನ ಕಡೆಗೆ ಬಾಗಿಸಿ, ಮಣಿಕಟ್ಟಿನಿಂದ ಸಣ್ಣಗೆ ತಟ್ಟಬೇಕು. ಪ್ರತಿ ತಟ್ಟಿನ ನಂತರ ದಾರ ಸಡಿಲವಾಗಬೇಕು. ಎರೆ ಪಕ್ಕಕ್ಕೆ ಜಾರುವುದು ಈ ಸಡಿಲಿನಿಂದಲೇ. ದಾರ ಸದಾ ಬಿಗಿಯಾಗಿದ್ದರೆ ಎರೆ ನೇರವಾಗಿ ಬರುತ್ತದೆ.

3. ಒಂದೇ ಲಯ ಫಲ ಕೊಡದಿದ್ದಲ್ಲಿ ವೇಗವನ್ನು ಬದಲಿಸಬೇಕು ಅಥವಾ ನಡುನಡುವೆ ಎರೆಯನ್ನು ನಿಲ್ಲಿಸಬೇಕು.

4. ಮೀನು ಎರಗಿದಾಗ ನೀರು ಸ್ಫೋಟಿಸಿದಂತೆ ಚಿಮ್ಮುತ್ತದೆ. ಆ ಸದ್ದಿಗೆ ಬೆಚ್ಚಿ ಕೋಲನ್ನು ಎತ್ತುವುದು ಆರಂಭಿಕರು ಮಾಡುವ ಸಾಮಾನ್ಯ ತಪ್ಪು. ಮೊದಲ ಹೊಡೆತದಲ್ಲಿ ಗಾಳ ಬಾಯಿಗೆ ಸಿಗದಿರುವುದೇ ಹೆಚ್ಚು. ಎರೆಯನ್ನು ಹಿಂದಿನಂತೆಯೇ ನಡೆಸುತ್ತಿದ್ದರೆ ಮೀನು ಮತ್ತೆ ಬರುವ ಸಾಧ್ಯತೆಯಿದೆ. ಮೀನಿನ ಭಾರ ಕೈಗೆ ತಾಗಿದ ನಂತರ ಮಾತ್ರ ಕೋಲನ್ನು ಹದವಾಗಿ ಎಳೆಯಬೇಕು.

ದೊಡ್ಡ ಮೀನು ತಾಯಿ ಮೀನು

ಈ ಪ್ರಭೇದದಲ್ಲಿ ಹೆಣ್ಣು ಗಂಡಿಗಿಂತ ಬೇಗನೆ ಮತ್ತು ದೊಡ್ಡದಾಗಿ ಬೆಳೆಯುತ್ತದೆ. 25 ಅಂಗುಲ, ಅಂದರೆ ಸುಮಾರು 63 ಸೆಂ.ಮೀ. ಮೀರಿದ ಮೀನುಗಳಲ್ಲಿ ಬಹುಪಾಲು ಹೆಣ್ಣುಗಳೇ. ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇವು ಮೊಟ್ಟೆಯಿಡುತ್ತವೆ. ಸಂಜೆಗತ್ತಲಿನಲ್ಲಿ ಗಂಡು ಮೀನುಗಳು ವಾಯುಚೀಲದ ಸುತ್ತಲಿನ ಸ್ನಾಯುಗಳನ್ನು ಮಿಡಿದು ಡೋಲಿನಂತಹ ಸದ್ದು ಹೊರಡಿಸಿ ಹೆಣ್ಣುಗಳನ್ನು ಆಕರ್ಷಿಸುತ್ತವೆ. ಹೆಣ್ಣು ಒಂದೇ ಋತುವಿನಲ್ಲಿ ಅನೇಕ ಬಾರಿ ಮೊಟ್ಟೆಯಿಡುತ್ತದೆ. ದೇಹ ದೊಡ್ಡದಾದಷ್ಟೂ ಮೊಟ್ಟೆಗಳ ಸಂಖ್ಯೆ ಹೆಚ್ಚುತ್ತದೆ.

ಮೀನಿನ ಕಿವಿಗಲ್ಲನ್ನು ಸೀಳಿ, ಮರದ ಉಂಗುರಗಳಂತೆ ಅದರಲ್ಲಿರುವ ಗೆರೆಗಳನ್ನು ಎಣಿಸಿ ವಯಸ್ಸನ್ನು ನಿರ್ಣಯಿಸಲಾಗುತ್ತದೆ. ದೊಡ್ಡ ಹೆಣ್ಣು ಮೀನೊಂದು ಆ ಗಾತ್ರಕ್ಕೆ ಬರಲು ಹಲವು ವರ್ಷಗಳು ಬೇಕು. ಅಷ್ಟು ಬೇಸಿಗೆಗಳನ್ನೂ ಚಳಿಗಾಲಗಳನ್ನೂ ದಾಟಿ ಬದುಕಿ ಉಳಿಯುವ ಮೀನುಗಳು ಕೆಲವೇ. ತೇಲುವ ಎರೆಯು ಹುಡುಕಿ ತೆಗೆಯುವುದು ಇವನ್ನೇ. ಆದುದರಿಂದ ಈ ವಿಧಾನದಲ್ಲಿ ಹಿಡಿದ ಮೀನನ್ನು ಒಯ್ಯುವುದು ಅಥವಾ ಬಿಡುವುದು ಕೇವಲ ಗಾಳಗಾರನ ಇಚ್ಛೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಖಾರಿಯ ಮುಂದಿನ ವರ್ಷಗಳ ಮೀನಿನ ಸಂತತಿಗೆ ಅದು ಸಂಬಂಧಿಸಿದೆ.

ನಿಯಮಗಳು ಬೆಳೆದುಬಂದ ಬಗೆ

1970ರ ದಶಕದಲ್ಲಿ ಬಲೆಗಳಿಂದ ನಡೆಯುತ್ತಿದ್ದ ವಾಣಿಜ್ಯ ಮೀನುಗಾರಿಕೆಯಿಂದ ಟೆಕ್ಸಾಸ್‌ನ ಖಾರಿಗಳಲ್ಲಿ ಸೀಟ್ರೌಟ್ ಮತ್ತು ರೆಡ್ ಡ್ರಮ್ ಮೀನುಗಳ ಬಗ್ಗೆ ಕಳವಳ ಉಂಟಾಯಿತು. 1981ರಲ್ಲಿ ರಾಜ್ಯದ ಶಾಸನಸಭೆಯು ಈ ಎರಡನ್ನೂ ಕ್ರೀಡಾಮೀನುಗಳೆಂದು ಘೋಷಿಸಿ, ರಾಜ್ಯದ ನೀರಿನಲ್ಲಿ ಹಿಡಿದ ಇವುಗಳ ಮಾರಾಟವನ್ನು ನಿಷೇಧಿಸಿತು. 1988ರಲ್ಲಿ ಬಲೆಗಳ ಬಳಕೆಗೂ ನಿಷೇಧ ಬಂದಿತು. ಹವ್ಯಾಸಿಗಳಿಗೆ ದಿನವೊಂದಕ್ಕೆ 10 ಮೀನುಗಳೆಂದಿದ್ದ ಮಿತಿಯನ್ನು 2007ರಲ್ಲಿ ಕೆಳ ಲಗೂನಾ ಮಾದ್ರೆಯಲ್ಲಿ 5ಕ್ಕೆ ಇಳಿಸಲಾಯಿತು. 2019ರ ವೇಳೆಗೆ ಈ ಮಿತಿ ಇಡೀ ಕರಾವಳಿಗೆ ವಿಸ್ತರಿಸಿತು.

2021ರ ಹಿಮಗಾಳಿ

ಆಳವಿಲ್ಲದ ನೀರು ಬೇಗನೆ ಕಾಯುವಂತೆ ಬೇಗನೆ ತಣ್ಣಗಾಗುತ್ತದೆ. ಉತ್ತರದಿಂದ ಹಿಮಗಾಳಿ ಹಠಾತ್ತನೆ ಬೀಸಿದಾಗ ಮೀನುಗಳು ಆಳವಾದ ಕಾಲುವೆಗಳನ್ನು ತಲಪುವ ಮೊದಲೇ ಮರಗಟ್ಟಿ ಸಾಯುತ್ತವೆ. 1983ರ ಡಿಸೆಂಬರ್, 1989ರ ಫೆಬ್ರವರಿ ಮತ್ತು ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂತಹ ಭಾರಿ ಮರಣಗಳು ಸಂಭವಿಸಿದ್ದವು. ಆನಂತರದ ಅತಿ ದೊಡ್ಡ ಹಾನಿ 2021ರ ಫೆಬ್ರವರಿಯಲ್ಲಿ ಉಂಟಾಯಿತು. ರಾಜ್ಯದ ಉದ್ಯಾನ ಮತ್ತು ವನ್ಯಜೀವಿ ಇಲಾಖೆಯ ಅಂದಾಜಿನ ಪ್ರಕಾರ ಆಗ ಕನಿಷ್ಠ 38 ಲಕ್ಷ ಮೀನುಗಳು ಸತ್ತವು. ಇವುಗಳಲ್ಲಿ ಚುಕ್ಕೆ ಸೀಟ್ರೌಟ್‌ಗಳ ಸಂಖ್ಯೆ ಸುಮಾರು 1,60,000. ಲಗೂನಾ ಮಾದ್ರೆಯ ಭಾಗಕ್ಕೆ ತೀವ್ರವಾದ ಪೆಟ್ಟು ಬಿದ್ದಿತು.

ಆ ವರ್ಷದ ಏಪ್ರಿಲ್‌ನಲ್ಲಿ ಲಗೂನಾ ಮಾದ್ರೆಗೆ ತುರ್ತು ನಿಯಮವನ್ನು ಜಾರಿಗೊಳಿಸಲಾಯಿತು. ದಿನಕ್ಕೆ 3 ಮೀನು ಮಾತ್ರ, ಅದೂ 17ರಿಂದ 23 ಅಂಗುಲದೊಳಗಿನವು ಎಂಬುದು ಅದರ ಸಾರ. ಈ ನಿಯಮವು ಮುಂದೆ ಕರಾವಳಿಯ ಬೇರೆ ಭಾಗಗಳಿಗೂ ವಿಸ್ತರಿಸಿ, 2023ರ ಆಗಸ್ಟ್‌ನಲ್ಲಿ ಕೊನೆಗೊಂಡಿತು. 2024ರ ಮಾರ್ಚ್‌ನಲ್ಲಿ ಇಡೀ ಕರಾವಳಿಗೆ ಹೊಸ ನಿಯಮ ಬಂದಿತು. ಅದರಂತೆ ದಿನಕ್ಕೆ 3 ಮೀನುಗಳನ್ನು ಇಟ್ಟುಕೊಳ್ಳಬಹುದು. ಉದ್ದ 15ರಿಂದ 20 ಅಂಗುಲ, ಅಂದರೆ 38ರಿಂದ 51 ಸೆಂ.ಮೀ.ನೊಳಗೆ ಇರಬೇಕು. 28 ಅಂಗುಲ ಮೀರಿದ ಮೀನಿಗೆ ಪ್ರತ್ಯೇಕ ಗುರುತುಚೀಟಿಯ ವ್ಯವಸ್ಥೆಯಿದೆ.

ಕೆಳಮಿತಿ ಮತ್ತು ಮೇಲ್ಮಿತಿ ಎರಡಕ್ಕೂ ಕಾರಣಗಳಿವೆ. ಕೆಳಮಿತಿಯಿಂದ ಮೀನಿಗೆ ಒಮ್ಮೆಯಾದರೂ ಮೊಟ್ಟೆಯಿಡುವ ಅವಕಾಶ ಸಿಗುತ್ತದೆ. ಮೇಲ್ಮಿತಿಯಿಂದ ತಾಯಿ ಮೀನುಗಳು ಉಳಿಯುತ್ತವೆ. ಹಿಮಗಾಳಿಯನ್ನು ತಡೆಯುವುದು ಯಾವ ಇಲಾಖೆಗೂ ಸಾಧ್ಯವಿಲ್ಲ. ಅದರ ನಂತರ ಉಳಿದ ಮೀನುಗಳಲ್ಲಿ ಎಷ್ಟನ್ನು ಬಿಡಬೇಕು ಎಂಬುದು ಮಾತ್ರ ಮನುಷ್ಯನ ಕೈಯಲ್ಲಿದೆ.

ಮೀನನ್ನು ಮರಳಿ ಬಿಡುವ ವಿಧಾನ

ಬಿಟ್ಟ ಮೀನು ಬದುಕುವುದು ಮುಖ್ಯವಾಗಿ ಗಾಳ ಎಲ್ಲಿ ಚುಚ್ಚಿದೆ ಎಂಬುದನ್ನು ಅವಲಂಬಿಸಿದೆ. ಗಂಟಲಿಗೆ ಇಳಿದ ಗಾಳ ಮಾರಕ. ತುಟಿಯಲ್ಲಿ ಸಿಕ್ಕಿದ ಗಾಳದಿಂದ ಅಪಾಯ ಕಡಿಮೆ. ತೇಲುವ ಎರೆಯನ್ನು ಮೀನು ನುಂಗುವುದು ಅಪರೂಪವಾದ್ದರಿಂದ ಈ ವಿಧಾನ ಬಿಡುಗಡೆಗೆ ಅನುಕೂಲಕರವಾಗಿದೆ. ಕೆಳಗಿನ ಅಂಶಗಳನ್ನು ಪಾಲಿಸುವುದು ಅಗತ್ಯ.

1. ಬೇಸಿಗೆಯ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಮೀನನ್ನು ದೀರ್ಘಕಾಲ ಆಡಿಸದೆ ಬೇಗನೆ ಹತ್ತಿರಕ್ಕೆ ತರಬೇಕು.

2. ಮುಟ್ಟುವ ಮೊದಲು ಕೈಗಳನ್ನು ಒದ್ದೆ ಮಾಡಿಕೊಳ್ಳಬೇಕು. ಒಣಗಿದ ಕೈ ಅಥವಾ ಬಟ್ಟೆ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಹಾಕುತ್ತದೆ. ಆ ಲೋಳೆ ಸೋಂಕನ್ನು ತಡೆಯುವ ಕವಚ.

3. ಸಾಧ್ಯವಾದಷ್ಟು ಮೀನನ್ನು ನೀರಿನಲ್ಲಿಯೇ ಇಟ್ಟು, ಇಕ್ಕಳದಿಂದ ಗಾಳವನ್ನು ಬಿಡಿಸಬೇಕು.

4. ದೊಡ್ಡ ಮೀನನ್ನು ದವಡೆಯಿಂದ ತೂಗುಹಾಕಬಾರದು. ಎತ್ತಲೇಬೇಕಾದಲ್ಲಿ ಹೊಟ್ಟೆಯ ಕೆಳಗೆ ಕೈಯ ಆಸರೆ ಕೊಡಬೇಕು.

5. ಮೀನನ್ನು ನೇರವಾಗಿ ಹಿಡಿದು, ಅದು ತಾನಾಗಿ ಬಾಲ ಬೀಸಿ ಹೊರಡುವವರೆಗೆ ಕಾಯಬೇಕು.

ಸುರಕ್ಷತೆ

ಖಾರಿಯ ತಳದಲ್ಲಿ ತೊರಕೆ ಮೀನುಗಳು ಮರಳಿನಲ್ಲಿ ಹುದುಗಿರುತ್ತವೆ. ಹೆಜ್ಜೆ ಎತ್ತಿಡದೆ ಪಾದಗಳನ್ನು ಎಳೆಯುತ್ತಾ ನಡೆದರೆ ಅವು ಮೊದಲೇ ಸರಿದುಹೋಗುತ್ತವೆ. ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ತೆರೆದ ಗಾಯವಿರುವವರು ನೀರಿಗೆ ಇಳಿಯಬಾರದು. ಹೊಸದಾಗಿ ಆದ ಗಾಯವನ್ನು ಕೂಡಲೇ ತೊಳೆದು, ಊತ ಅಥವಾ ಜ್ವರ ಕಂಡಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು. ಗುಡುಗು ಕೇಳಿದೊಡನೆ ನೀರಿನಿಂದ ಹೊರಬರಬೇಕು. ದೋಣಿಯ ಯಂತ್ರದಿಂದ ಕಡಲಹುಲ್ಲನ್ನು ಬುಡಸಹಿತ ಕಿತ್ತುಹಾಕುವುದು ಟೆಕ್ಸಾಸ್‌ನಲ್ಲಿ ಕಾನೂನಿನ ಪ್ರಕಾರ ಅಪರಾಧ.

ಪರವಾನಗಿ ಕುರಿತ ಸೂಚನೆ

ಟೆಕ್ಸಾಸ್‌ನಲ್ಲಿ 17 ವರ್ಷ ತುಂಬಿದವರು ಸಮುದ್ರದ ನೀರಿನಲ್ಲಿ ಗಾಳ ಹಾಕಲು ಸಾಮಾನ್ಯವಾಗಿ ಮೀನುಗಾರಿಕೆ ಪರವಾನಗಿಯೊಂದಿಗೆ ಉಪ್ಪುನೀರಿನ ಅನುಮತಿಯನ್ನೂ ಪಡೆದಿರಬೇಕು. ಹ್ಯೂಸ್ಟನ್ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ, ಪ್ರವಾಸಕ್ಕಾಗಿ ಹೋಗುವವರಿಗೂ ಇದು ಅನ್ವಯಿಸುತ್ತದೆ. ನಿವಾಸಿಗಳಿಗೂ ಹೊರಗಿನವರಿಗೂ ಶುಲ್ಕ ಬೇರೆ ಬೇರೆಯಾಗಿರುತ್ತದೆ. ಮೀನಿನ ಬಾಯಿ ಮುಚ್ಚಿ, ಬಾಲದ ತುದಿಗಳನ್ನು ಒತ್ತಿ ಹಿಡಿದು ಒಟ್ಟು ಉದ್ದವನ್ನು ಅಳೆಯತಕ್ಕದ್ದು. ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ, ಗಾಳ ಹಾಕುವ ಮೊದಲು ಆಯಾ ವರ್ಷದ ಸಂಖ್ಯೆ ಮತ್ತು ಉದ್ದದ ಮಿತಿಗಳನ್ನು ಅಲ್ಲಿನ ಇಲಾಖೆಯ ಪ್ರಕಟಣೆಯಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು. ಮಿತಿಯೊಳಗೆ ಬಾರದ ಮೀನನ್ನು ಕೂಡಲೇ, ಜೀವಂತವಾಗಿ, ಹಿಡಿದ ನೀರಿಗೇ ಮರಳಿ ಬಿಡತಕ್ಕದ್ದು.